ಬೆಲೆ ಕೇಳದ ಅನ್ನ

ಊಟದ ಎಲೆಯಲ್ಲಿ ಅನ್ನವನ್ನು ಬಿಟ್ಟೇಳುವ ಮಕ್ಕಳನ್ನು ಗದರಿಸುವಾಗ ಹಿಂದಿನ ತಲೆಮಾರಿನ ಅಜ್ಜಿಯರು ಧಾತು-ಈಶ್ವರದ ಬರವನ್ನು ನೆನಪಿಗೆ ತರುತ್ತಿದ್ದರು. ಆ ಅಜ್ಜಿಯರೂ ಅದನ್ನು ಕಣ್ಣಾರೆ ಕಂಡವರಲ್ಲ; ತಮ್ಮ ಹಿರಿಯರ ಬಾಯಿಂದ ಕೇಳಿದವರು. ಧಾತು ಸಂವತ್ಸರವು 1876ರಲ್ಲಿಯೂ ಈಶ್ವರ ಸಂವತ್ಸರವು 1877ರಲ್ಲಿಯೂ ಆರಂಭವಾದವು. ಮೊದಲ ವರ್ಷ ಮುಂಗಾರೂ ಹಿಂಗಾರೂ ಕೈಕೊಟ್ಟವು. ಮರುವರ್ಷವೂ ಮಳೆ ಸಕಾಲಕ್ಕೆ ಬರಲಿಲ್ಲ. ಕೆರೆಗಳು ಬತ್ತಿದವು, ದನಕರುಗಳು ಮೇವಿಲ್ಲದೆ ಸತ್ತವು, ಕಣಜಗಳು ಬರಿದಾದವು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ, ಎಂದರೆ ಐವರಲ್ಲಿ ಒಬ್ಬರಂತೆ, ಅಳಿದುಹೋದರು. ದಕ್ಷಿಣ ಭಾರತದಲ್ಲಿ ಒಟ್ಟು ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಹಸಿವಿಗೂ ಅದರ ಬೆನ್ನಿಗೇ ಬಂದ ಕಾಲರಾ, ಜ್ವರಗಳಿಗೂ ಬಲಿಯಾದರೆಂದು ಅಂದಾಜು. ತೆಲುಗು ನಾಡಿನವರೂ ಈ ಕ್ಷಾಮವನ್ನು ಅದೇ ಸಂವತ್ಸರದ ಹೆಸರಿನಿಂದಲೇ ಕರೆದು, 'ಧಾತ ಕರುವು' ಎಂದು ನೆನಪಿಟ್ಟುಕೊಂಡಿದ್ದಾರೆ.

ಇಂತಹ ವಿಪತ್ತು ಒದಗಿದಾಗ ಹಸಿದವರಿಗೆ ಅನ್ನ ಕೊಡಬೇಕೆಂಬ ವಿಷಯದಲ್ಲಿ ಯಾವ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ಕಷ್ಟವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕೊಡುವವನು ಒಂದು ಮತದವನು, ಪಡೆಯುವವನು ಇನ್ನೊಂದು ಮತದವನು ಆದಾಗ, ಕೊಟ್ಟವನು ಪಡೆದವನಿಂದ ಏನನ್ನಾದರೂ ನಿರೀಕ್ಷಿಸಬಹುದೆ? ಕೃತಜ್ಞತೆಯನ್ನು? ತನ್ನ ದೇವರ ಹೆಸರನ್ನು ಒಮ್ಮೆ ಉಚ್ಚರಿಸುವುದನ್ನು? ತನ್ನ ಮತಕ್ಕೆ ಸೇರುವುದನ್ನು? ಹಸಿದ ಮನುಷ್ಯ ಇವುಗಳಲ್ಲಿ ಯಾವುದನ್ನೂ ಇಲ್ಲವೆನ್ನಲಾರ. ಇಲ್ಲವೆನ್ನಲು ಶಕ್ತಿಯಿಲ್ಲದವನು ಹೇಳುವ 'ಹೌದು' ಎಂಬ ಮಾತಿಗೆ ಬೆಲೆಯೇನು? ಆ ಮಹಾಕ್ಷಾಮದ ಕಾಲದಲ್ಲಿ ತೆಲುಗು ನಾಡಿನ ಒಂದು ಸಣ್ಣ ಊರಿನಲ್ಲಿ ಒಬ್ಬ ಕ್ರೈಸ್ತ ಮಿಷನರಿಯ ಮುಂದೆ ಈ ಪ್ರಶ್ನೆ ನಿಜವಾಗಿಯೇ ಬಂದು ನಿಂತಿತು. ಅವರು ಕೊಟ್ಟ ಉತ್ತರವನ್ನು ತಿಳಿಯುವ ಮುನ್ನ, ಅವರು ನಂಬಿದ ಧರ್ಮ ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ನೋಡುವುದು ಒಳ್ಳೆಯದು.

ಕ್ರೈಸ್ತರ ಕರುಣೆಯ ಕಲ್ಪನೆಗೆಲ್ಲ ಮೂಲದಂತಿರುವ ಒಂದು ಕಥೆ ಲೂಕನ ಸುವಾರ್ತೆಯಲ್ಲಿದೆ. ಯೆರೂಸಲೇಮಿನಿಂದ ಯೆರಿಕೋ ಪಟ್ಟಣಕ್ಕೆ ಇಳಿಯುವ ದಾರಿಯಲ್ಲಿ ಪಯಣಿಗನೊಬ್ಬ ಕಳ್ಳರ ಕೈಗೆ ಸಿಕ್ಕಿ, ಅರೆಜೀವವಾಗಿ ಬಿದ್ದಿರುತ್ತಾನೆ. ಅವನ ಕುಲದ ಯಾಜಕನೇ ಆ ದಾರಿಯಲ್ಲಿ ಬಂದು, ಕಂಡೂ ಕಾಣದವನಂತೆ ಪಕ್ಕಕ್ಕೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಗೆಂದೇ ಮೀಸಲಾದ ಕುಲದ ಇನ್ನೊಬ್ಬನೂ ಹಾಗೆಯೇ ಮಾಡುತ್ತಾನೆ. ಮೂರನೆಯವನಾಗಿ ಬಂದವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆ ಕಾಲದಲ್ಲಿ ಹೊಕ್ಕು ಬಳಕೆ ಇರಲಿಲ್ಲ. ಪೂಜೆಯ ಬೆಟ್ಟ ಬೇರೆ, ನಂಬಿಕೆ ಬೇರೆ, ಪರಸ್ಪರ ತಿರಸ್ಕಾರ ಮಾತ್ರ ಸಮಾನ. ಅಂಥವನು ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಹೇಳಿ, ತನ್ನ ದಾರಿ ಹಿಡಿಯುತ್ತಾನೆ.

ಈ ಕಥೆಯನ್ನು ಕೇಳುವವರು ಸಾಮಾನ್ಯವಾಗಿ ಸಮಾರ್ಯದವನು ಮಾಡಿದ್ದನ್ನು ಮೆಚ್ಚಿ ಸುಮ್ಮನಾಗುತ್ತಾರೆ. ಅವನು ಮಾಡದೆ ಬಿಟ್ಟದ್ದು ಇನ್ನೂ ಗಮನಾರ್ಹ. ಗಾಯಾಳುವಿನ ಹೆಸರನ್ನು ಅವನು ಕೇಳಿದಂತೆ ಕಥೆಯಲ್ಲಿಲ್ಲ. ಯಾವ ಬೆಟ್ಟದ ಮೇಲೆ ದೇವರನ್ನು ಪೂಜಿಸಬೇಕೆಂಬ ಹಳೆಯ ಜಗಳವನ್ನು ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತು ತೆಗೆಯಲಿಲ್ಲ. ಗಾಯ ಮಾಯ್ದ ಮೇಲೆ ಆ ಮನುಷ್ಯ ಸಮಾರ್ಯದವರ ಮತಕ್ಕೆ ಸೇರಿದನೆಂದೂ ಕಥೆ ಹೇಳುವುದಿಲ್ಲ. ಉಪಕಾರ ಮಾಡಿದವನು ಕಥೆಯಿಂದ ಹೊರಟೇ ಹೋಗುತ್ತಾನೆ. ಅದರಲ್ಲೂ, ಯೇಸು ತನ್ನ ಜನರಿಗೆ ಕರುಣೆಯ ಮಾದರಿಯಾಗಿ ತೋರಿಸಿದ್ದು ತನ್ನವರನ್ನಲ್ಲ, ಅನ್ಯಮತದವನನ್ನು. ಈ ಕಥೆಯನ್ನು ಎರಡು ಸಾವಿರ ವರ್ಷಗಳಿಂದ ಓದುತ್ತ ಬಂದ ಸಮಾಜಕ್ಕೆ ಅದರಂತೆ ನಡೆಯುವುದು ಸುಲಭವಾಗಿದೆಯೆಂದು ಚರಿತ್ರೆಯನ್ನು ಬಲ್ಲವರು ಹೇಳಲಾರರು. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ನಡೆದುದುಂಟು.

ಜಾನ್ ಎವರೆಟ್ ಕ್ಲಫ್ ಅಂಥವರಲ್ಲಿ ಒಬ್ಬರು. 1836ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಭೂಮಾಪನದ ಕೆಲಸ ಕಲಿತು, ಆಮೇಲೆ ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿಯಾಗಿ, 1866ರಲ್ಲಿ ಒಂಗೋಲಿಗೆ ಬಂದು ನೆಲಸಿದರು. ಇಂದು ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಮುಖ್ಯ ಪಟ್ಟಣವಾಗಿರುವ ಒಂಗೋಲು ಆಗ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಗೆ ಸೇರಿತ್ತು. ಕ್ಲಫ್ ಅವರ ಬೋಧನೆಗೆ ಹೆಚ್ಚಾಗಿ ಕಿವಿಗೊಟ್ಟವರು ಚರ್ಮದ ಕೆಲಸ ಮಾಡಿ ಬದುಕುತ್ತಿದ್ದ ಮಾದಿಗ ಸಮುದಾಯದವರು. ಊರಿನ ಬಾವಿಯ ನೀರಿಗೂ ಗುಡಿಯ ಬಾಗಿಲಿಗೂ ದೂರವಾಗಿದ್ದ ಆ ಜನರನ್ನು ಹತ್ತಿರ ಕೂರಿಸಿಕೊಂಡು ಮಾತನಾಡಿಸುವವರೇ ಅಪರೂಪವಾಗಿದ್ದ ಕಾಲ ಅದು. ಬರ ಬರುವ ವೇಳೆಗೆ ಅವರ ಸಭೆಗೆ ಸೇರಿದ್ದವರು ಕೆಲವು ಸಾವಿರ ಮಂದಿ. ಸೇರದೆ ಉಳಿದಿದ್ದವರು ಅದಕ್ಕೂ ಎಷ್ಟೋ ಪಾಲು ಹೆಚ್ಚು.

1876ರ ಕೊನೆಯ ಹೊತ್ತಿಗೆ ಹಸಿದವರ ಗುಂಪುಗಳು ದಾರಿ ತುಂಬ ಅಲೆಯತೊಡಗಿದವು. ಸರ್ಕಾರ ಬರಪರಿಹಾರದ ಕಾಮಗಾರಿಗಳನ್ನು ತೆರೆದಿತ್ತು, ನಿಜ. ಆದರೆ ಖರ್ಚನ್ನು ಹಿಡಿತದಲ್ಲಿಡಬೇಕೆಂದು ಕಲ್ಕತ್ತೆಯಿಂದ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಸ್ವಲ್ಪ ಕಾಸು ಸಾಕೆಂದು 1877ರ ಆರಂಭದಲ್ಲಿ ಗೊತ್ತುಮಾಡಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದು ದುಡಿಯುವ ದೇಹವನ್ನು ಉಳಿಸಲಾರದೆಂದು ಬಲವಾಗಿ ವಿರೋಧಿಸಿದರು; ಕೆಲವು ತಿಂಗಳ ಮೇಲೆ ಆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟು ಜೀವಗಳು ಹೋದವೋ! ದೇಶದೊಳಗೆ ಜನ ಸಾಯುತ್ತಿರುವಾಗಲೂ ಹಡಗುಗಳಲ್ಲಿ ಧಾನ್ಯ ಹೊರದೇಶಕ್ಕೆ ಹೋಗುವುದು ನಿಲ್ಲಲಿಲ್ಲ. ಹಾಗೆ ನೋಡಿದರೆ ಮಹಾಕ್ಷಾಮವನ್ನು ಮಳೆಯ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಆಗ ಕರಾವಳಿಯಲ್ಲಿ ನಡೆಯುತ್ತಿದ್ದ ದೊಡ್ಡ ಕಾಮಗಾರಿಯೆಂದರೆ ಬಕಿಂಗ್‌ಹ್ಯಾಮ್ ಕಾಲುವೆ. ಸಮುದ್ರದ ಅಂಚಿಗೆ ಸಮನಾಗಿ ದೋಣಿಗಳು ಓಡಾಡುವ ಈ ಜಲಮಾರ್ಗಕ್ಕೆ ಅಂದಿನ ಮದರಾಸು ಗವರ್ನರರ ಹೆಸರನ್ನು ಇಟ್ಟರು. ಭೂಮಾಪನ ಬಲ್ಲ ಕ್ಲಫ್, ಒಂಗೋಲಿನ ಕಡೆಯ ಮೂರೂವರೆ ಮೈಲಿಯಷ್ಟು ಕಾಲುವೆ ತೋಡುವ ಗುತ್ತಿಗೆಯನ್ನು ತಾವೇ ಹಿಡಿದರು. ಪಾದ್ರಿಯೊಬ್ಬರು ಗುತ್ತಿಗೆದಾರರಾಗುವುದು ಆ ಕಾಲಕ್ಕೆ ವಿಚಿತ್ರವಾಗಿಯೇ ಕಂಡಿರಬೇಕು. ಆದರೆ ಅದರ ಹಿಂದೆ ವಿವೇಚನೆಯಿತ್ತು. ಗಂಜಿಯ ಸಾಲಿನಲ್ಲಿ ನಿಂತವನ ತಲೆ ಬಾಗಿರುತ್ತದೆ. ಗುದ್ದಲಿ ಹಿಡಿದು ಸಂಜೆಗೆ ಕೂಲಿ ಎಣಿಸಿಕೊಂಡವನು ಯಾರ ಹಂಗಿನವನೂ ಅಲ್ಲ. ದಾನ ಸಾಲವಾಗಿ ಉಳಿಯುತ್ತದೆ, ಕೂಲಿಯ ಲೆಕ್ಕ ಅಂದೇ ತೀರುತ್ತದೆ. ಕ್ಲಫ್ ಅವರ ಕೈಕೆಳಗಿದ್ದ ದೇಶೀಯ ಬೋಧಕರೇ ಮೇಸ್ತ್ರಿಗಳಾಗಿ ನಿಂತರು. ಬೇರೆಡೆ ಬೈಗುಳವನ್ನು ಕೇಳಿಯೇ ಮಣ್ಣು ಹೊರುತ್ತಿದ್ದವರಿಗೆ ಇಲ್ಲಿ ಮನುಷ್ಯರ ಮಾತು ಕೇಳಿಸಿತು. ಸುದ್ದಿ ಹಬ್ಬಿತು, ಸಾವಿರಾರು ಮಂದಿ ಬಂದರು. ಬಂದವರಲ್ಲಿ ಬಹುಮಂದಿ ಕ್ರೈಸ್ತರಲ್ಲ. ಯಾರನ್ನೂ ಮತ ಕೇಳಿ ಒಳಗೆ ಬಿಟ್ಟುಕೊಳ್ಳಲಿಲ್ಲ, ಮತ ಕೇಳಿ ಹೊರಗಟ್ಟಲೂ ಇಲ್ಲ.

ಇಷ್ಟನ್ನೇ ಮಾಡಿದ್ದರೆ ಕ್ಲಫ್ ಅವರನ್ನು ದಯಾಳುವೆಂದು ಕರೆದು ಮುಂದೆ ಹೋಗಬಹುದಿತ್ತು. ಅವರ ದೊಡ್ಡತನವಿರುವುದು ಇನ್ನೊಂದು ನಿರ್ಧಾರದಲ್ಲಿ. ಕಾಲುವೆಯ ಮೇಲೆ ದುಡಿಯುತ್ತಿದ್ದ ಜನ ಗುಂಪುಗುಂಪಾಗಿ ಬಂದು, ತಮಗೆ ದೀಕ್ಷಾಸ್ನಾನ ಕೊಟ್ಟು ಸಭೆಗೆ ಸೇರಿಸಿಕೊಳ್ಳಿರೆಂದು ಕೇಳತೊಡಗಿದರು. ಮಿಷನರಿಯೊಬ್ಬ ಸಾವಿರಾರು ಮೈಲಿ ಕಡಲು ದಾಟಿ ಬಂದಿದ್ದೇ ಈ ಮಾತನ್ನು ಕೇಳುವುದಕ್ಕೆ. ಬಾಗಿಲಿಗೇ ಬಂದು ನಿಂತ ಆ ಫಲವನ್ನು ಅವರು ಕೈಯಲ್ಲಿ ಮುಟ್ಟಲಿಲ್ಲ. ಬರ ಮುಗಿಯುವವರೆಗೆ, ಪರಿಹಾರದ ಹಣ ತಮ್ಮ ಕೈಯಿಂದ ಹಂಚಿಕೆಯಾಗುತ್ತಿರುವವರೆಗೆ, ಯಾರಿಗೂ ದೀಕ್ಷಾಸ್ನಾನವಿಲ್ಲವೆಂದು ನಿಶ್ಚಯಿಸಿದರು. ಹೊಟ್ಟೆಯ ಕೂಗು ಯಾವುದು, ಹೃದಯದ ಕೂಗು ಯಾವುದು ಎಂದು ಬೇರ್ಪಡಿಸಲಾಗದ ಹೊತ್ತಿನಲ್ಲಿ ಕೇಳಿಬಂದ ಬೇಡಿಕೆಯನ್ನು ಒಪ್ಪಬಾರದೆಂಬುದು ಅವರ ಕಾರಣ. ಸುಮಾರು ಹದಿನೈದು ತಿಂಗಳು ಆ ಬಾಗಿಲು ಮುಚ್ಚಿಯೇ ಇತ್ತು.

ಕೊಡುವುದು ಕರುಣೆ. ಕೊಟ್ಟದ್ದರಿಂದ ತನಗೆ ಬರಬಹುದಾದ ಲಾಭದ ದಾರಿಯನ್ನು ತಾನೇ ಮುಚ್ಚಿಕೊಳ್ಳುವುದು ಅದಕ್ಕಿಂತ ಕಠಿಣ. ಹಣದ ಲಾಭವನ್ನು ಬಿಡುವವರು ಉಂಟು. ತಾನು ಪರಮಸತ್ಯವೆಂದು ನಂಬಿದ್ದರ ವಿಜಯವನ್ನು ಮುಂದಕ್ಕೆ ತಳ್ಳುವವರು ವಿರಳ. ಕ್ಲಫ್ ಅವರಿಗೆ ತಮ್ಮ ನಂಬಿಕೆ ಹಗುರವಾಗಿತ್ತೆಂದು ಇದರಿಂದ ಯಾರೂ ಭಾವಿಸಬಾರದು. ಅದನ್ನು ಅಷ್ಟು ಗೌರವಿಸಿದ್ದರಿಂದಲೇ ಅನ್ನದ ಜೊತೆಗೆ ತಕ್ಕಡಿಯಲ್ಲಿಟ್ಟು ಮಾರಲು ಅವರಿಗೆ ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚುವುದು ಸರಿಯಲ್ಲ. ದೀಕ್ಷೆ ನಿಂತಿತ್ತು, ಬೋಧನೆ ನಿಂತಿರಲಿಲ್ಲ. ಮೇಸ್ತ್ರಿಗಳಾಗಿದ್ದ ಬೋಧಕರು, ಕೂಲಿಗಳು ವಿರಮಿಸುವ ವೇಳೆಯಲ್ಲಿ ಅವರ ನಡುವೆ ಕುಳಿತು ಯೇಸುವಿನ ಕಥೆಗಳನ್ನು ಹೇಳುತ್ತಿದ್ದರು. ಕೂಲಿ ಕೊಡಿಸುವ ಮೇಸ್ತ್ರಿಯೇ ಬೋಧಕನಾದರೆ ಕೇಳುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇದ್ದೀತು? ಈ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಪೂರ್ಣ ಸಮಾಧಾನ ದೊರೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮಿಷನರಿಯಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಕೆ ಎಂದು ಕೇಳಬಹುದು. ಆದರೆ ಕಾಲದ ಹೆಸರಿನಲ್ಲಿ ಎಲ್ಲವನ್ನೂ ಮನ್ನಿಸಿಬಿಟ್ಟರೆ, ಅದೇ ಕಾಲದಲ್ಲಿ ಅವರು ತೋರಿದ ಸಂಯಮಕ್ಕೂ ಅರ್ಥವಿಲ್ಲದೆ ಹೋಗುತ್ತದೆ.

1878ರಲ್ಲಿ ಮಳೆ ಬಂದು ಹೊಲಗಳು ಹಸುರಾದವು. ಬೀಜಕ್ಕೆಂದು ಹಂಚಲು ಬಂದಿದ್ದ ಪರಿಹಾರದ ಹಣವೂ ಮುಗಿಯಿತು. ಇನ್ನು ಕೊಡಲು ಏನೂ ಇಲ್ಲವೆಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿತು. ಆ ಮೇಲೆಯೂ ಜನ ಬಂದರು. 1878ನೆಯ ಜುಲೈ 3ರಂದು ಒಂಗೋಲಿನ ಉತ್ತರಕ್ಕೆ ಗುಂಡ್ಲಕಮ್ಮ ನದಿಯ ದಂಡೆಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಅದನ್ನು ನೆರವೇರಿಸಿದವರು ಆರು ಮಂದಿ ದೇಶೀಯ ಬೋಧಕರು. ಇಬ್ಬಿಬ್ಬರಂತೆ ಸರದಿಯ ಮೇಲೆ ನೀರಿನಲ್ಲಿ ನಿಂತರು. ಆ ವರ್ಷ ಮುಗಿಯುವಷ್ಟರಲ್ಲಿ ಸಂಖ್ಯೆ ಒಂಬತ್ತು ಸಾವಿರವನ್ನು ದಾಟಿತು.

ಇವರನ್ನು ಕುರಿತು 'ಅನ್ನಕ್ಕಾಗಿ ಮತ ಬಿಟ್ಟವರು' ಎಂದು ಆಡಿಕೊಳ್ಳುವವರಿಗೆ ಕೊರತೆಯಿರಲಿಲ್ಲ. ಆ ಮಾತಿನಲ್ಲಿ ಎರಡು ದೋಷಗಳಿವೆ. ಅನ್ನ ದೊರೆಯುತ್ತಿದ್ದಾಗ ಬಾಗಿಲು ಮುಚ್ಚಿತ್ತು, ಬಾಗಿಲು ತೆರೆದಾಗ ಅನ್ನವಿರಲಿಲ್ಲ ಎಂಬ ಸಂಗತಿಯನ್ನು ಅದು ಮರೆಯುತ್ತದೆ. ಎರಡನೆಯದು ಇನ್ನೂ ದೊಡ್ಡದು. ಬಡವನಿಗೆ ಹೊಟ್ಟೆಯೊಂದೇ ಇದೆ, ಮನಸ್ಸಿಲ್ಲ ಎಂಬ ತಾತ್ಸಾರ ಅದರೊಳಗೆ ಅಡಗಿದೆ. ತಲೆತಲಾಂತರದಿಂದ ಊರ ಹೊರಗೆ ನಿಲ್ಲಿಸಲ್ಪಟ್ಟವನು, ತನ್ನನ್ನು ಮನುಷ್ಯನೆಂದು ಕಂಡವರ ಕಡೆಗೆ ನಡೆದರೆ ಅದಕ್ಕೆ ಗಂಜಿಯನ್ನೇ ಕಾರಣವಾಗಿ ಹುಡುಕಬೇಕೆ? ಬರದ ದಿನಗಳಲ್ಲಿ ಅವರನ್ನು ಕೈಹಿಡಿಯದಿದ್ದವರು ಆಮೇಲೆ ಅವರ ಉದ್ದೇಶವನ್ನು ಪ್ರಶ್ನಿಸುವುದರಲ್ಲಿ ಅಷ್ಟೇನೂ ಘನತೆಯಿಲ್ಲ.

ಹಾಗೆಂದು ಎಲ್ಲ ಕಡೆಯೂ ಇಂತಹ ಎಚ್ಚರ ನಡೆಯಿತೆನ್ನುವಂತಿಲ್ಲ. ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ಕನ್ನಡನಾಡಿನಲ್ಲಿಯೂ ಕ್ರೈಸ್ತ ಮಿಷನ್ನುಗಳು ಅನಾಥಾಲಯಗಳನ್ನು ತೆರೆದವು. ಬೀದಿಯಲ್ಲಿ ಸಾಯುತ್ತಿದ್ದ ಕೂಸುಗಳು ಅಲ್ಲಿ ಉಂಡವು, ಓದು ಕಲಿತವು, ಕಸುಬು ಕಲಿತವು. ಸಾಕಿದವರ ಮತದಲ್ಲಿಯೇ ಬೆಳೆದವು. ಆಯ್ಕೆ ಮಾಡಲು ವಯಸ್ಸಿಲ್ಲದ ಮಗುವಿನ ವಿಷಯದಲ್ಲಿ ಹೀಗಾಗಬಹುದಿತ್ತೆ? ಬೇರೆ ಯಾರೂ ಎತ್ತಿಕೊಳ್ಳದಿದ್ದ ಮಗುವಿನ ವಿಷಯದಲ್ಲಿ ಹಾಗೆ ಕೇಳುವ ಹಕ್ಕು ಯಾರಿಗಿದೆ? ಎರಡು ಪ್ರಶ್ನೆಗಳೂ ಒಂದರ ಮುಂದೊಂದು ನಿಲ್ಲುತ್ತವೆ. ಯಾವುದೊಂದನ್ನೂ ಸುಲಭವಾಗಿ ತಳ್ಳಿಹಾಕಲು ಬಾರದು.

ಕ್ಲಫ್ ಅವರು ತಮ್ಮೊಬ್ಬರ ಮನಸ್ಸಾಕ್ಷಿಯಿಂದ ಕಂಡುಕೊಂಡ ನಿಯಮ, ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರಹದ ರೂಪ ಪಡೆಯಿತು. 1994ರಲ್ಲಿ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಸ್ಥೆಗಳೂ ಇತರ ಸೇವಾಸಂಸ್ಥೆಗಳೂ ಕೂಡಿ ವಿಪತ್ತಿನ ಕಾಲದ ಪರಿಹಾರಕ್ಕೆ ಒಂದು ನೀತಿಸಂಹಿತೆಯನ್ನು ರಚಿಸಿದವು. ನೆರವನ್ನು ಪಡೆಯುವವರ ಕುಲ, ಮತ, ದೇಶಗಳನ್ನು ಎಣಿಸದೆ ಕೊಡತಕ್ಕದ್ದೆಂದೂ, ಯಾವ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದುಮಾಡಲೂ ಅದನ್ನು ಬಳಸಕೂಡದೆಂದೂ ಅದರಲ್ಲಿ ಹೇಳಿದೆ. ಅದನ್ನು ರೂಪಿಸಿದವರಲ್ಲಿ ಕ್ಯಾಥೊಲಿಕ್ ಸಭೆಯ ಕಾರಿತಾಸ್ ಸಂಸ್ಥೆ, ಲೂಥರನ್ ವಿಶ್ವ ಒಕ್ಕೂಟ, ವಿಶ್ವ ಚರ್ಚುಗಳ ಮಂಡಲಿಗಳೂ ಇದ್ದವು. ಹೊರಗಿನವರು ಹೇರಿದ ಕಟ್ಟಳೆ ಇದಲ್ಲ. ಕ್ರೈಸ್ತ ಸಂಸ್ಥೆಗಳು ತಾವಾಗಿ ಒಪ್ಪಿಕೊಂಡದ್ದು. ಆದರೂ ಅಂಥ ಕಾಗದವನ್ನು ಹೊಳೆಯ ನೆರೆಯಲ್ಲಿ, ಭೂಕಂಪದ ಅವಶೇಷಗಳ ನಡುವೆ ಓದಿ ನಡೆಯುವವರು ಕೆಲವರೇ. ಅಲ್ಲಿ ನಿಂತ ಮನುಷ್ಯನ ಸ್ವಭಾವವೇ ಅಂತಿಮವಾಗಿ ಕೆಲಸ ಮಾಡುವುದು.

2004ನೆಯ ಡಿಸೆಂಬರ್ 26, ಕ್ರಿಸ್‌ಮಸ್ ಹಬ್ಬದ ಮರುದಿನ, ಭಾನುವಾರ ಬೆಳಗ್ಗೆ ಸುನಾಮಿಯ ಅಲೆಗಳು ಪೂರ್ವ ಕರಾವಳಿಗೆ ಅಪ್ಪಳಿಸಿದವು. ನಾಗಪಟ್ಟಣದ ಸಮೀಪದ ವೇಲಾಂಗಣ್ಣಿ ಮಾತೆಯ ದೇವಾಲಯಕ್ಕೆ ಬಂದಿದ್ದ ಅನೇಕ ಯಾತ್ರಿಕರು ಕಡಲದಂಡೆಯಲ್ಲಿಯೇ ಕೊಚ್ಚಿಹೋದರು. ಆ ಕ್ಷೇತ್ರಕ್ಕೆ ಕ್ರೈಸ್ತರಷ್ಟೇ ಅಲ್ಲದೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುವುದು ಹಿಂದಿನಿಂದ ನಡೆದುಬಂದ ರೂಢಿ. ಅಲ್ಲಿಂದ ಕೆಲವೇ ಮೈಲಿ ದೂರದ ನಾಗೂರಿನ ದರ್ಗಾ, ಮನೆಮಠ ಕಳೆದುಕೊಂಡ ಎಲ್ಲ ಮತದ ಜನರಿಗೆ ತನ್ನ ಅಂಗಳವನ್ನು ಬಿಟ್ಟುಕೊಟ್ಟಿತು. ಬಿದ್ದವರು ಯಾರು, ಎತ್ತುವವರು ಯಾರು ಎಂದು ಗುರುತಿಸುವುದು ಆ ಕೆಲವು ದಿನಗಳ ಮಟ್ಟಿಗೆ ಯಾರಿಗೂ ಮುಖ್ಯವಾಗಿ ತೋರಲಿಲ್ಲ.

ಅದೇ ಬೆಳಗ್ಗೆ ಉತ್ತರಕ್ಕೆ, ಆಂಧ್ರದ ಕರಾವಳಿಯಲ್ಲಿ, ಇನ್ನೊಂದು ಸಂಗತಿ ನಡೆಯಿತು. ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಸರಕುದೋಣಿಗಳ ಓಡಾಟ ಬಹುಪಾಲು ನಿಂತು ಎಷ್ಟೋ ಕಾಲವಾಗಿತ್ತು. ಹಲವೆಡೆ ಹೂಳು ತುಂಬಿತ್ತು, ಜನ ಅದನ್ನು ಮರೆತಿದ್ದರು. ದಡವನ್ನು ದಾಟಿ ನುಗ್ಗಿದ ಕಡಲ ನೀರು ಒಂಗೋಲು ಸೀಮೆಯ ಪೆದ್ದಗಂಜಾಮಿನಿಂದ ಚೆನ್ನೈವರೆಗೆ ಸುಮಾರು 310 ಕಿಲೋಮೀಟರ್ ಉದ್ದಕ್ಕೂ ಆ ಕಾಲುವೆಯಲ್ಲಿ ತುಂಬಿಕೊಂಡು, ಹತ್ತು ಹದಿನೈದು ನಿಮಿಷಗಳಲ್ಲಿ ಕಡಲಿಗೆ ಹಿಂದಿರುಗಿತೆಂದು ವಿಜ್ಞಾನಿಗಳು ಮರುವರ್ಷ ವರದಿ ಮಾಡಿದರು. ಕಾಲುವೆಯ ಪಶ್ಚಿಮಕ್ಕಿದ್ದ ಬೆಸ್ತರ ಕೇರಿಗಳಲ್ಲಿ ಅನೇಕವು ಉಳಿದುಕೊಂಡವು. ಧಾತು-ಈಶ್ವರದ ವರ್ಷಗಳಲ್ಲಿ ಹಸಿದ ಹೊಟ್ಟೆಯ ಗಂಡಸರೂ ಹೆಂಗಸರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತೋಡಿದ ಮೈಲಿಗಳೂ ಆ ಉದ್ದದಲ್ಲಿಯೇ ಸೇರಿವೆ.